ಷೆಡ್ಡಿನಲ್ಲಿ ಹತ್ತಿಕಾಯಿ ಓಲೆ: ಕಾಗದದಿಂದ ಕಿವಿಯವರೆಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ದಾವಣಗೆರೆಯಲ್ಲಿ ಫ್ಯಾನ್ ಆರಿಸಿ ಕೂತು ನೋಡಿ. ಒಡವೆಗೆ ಬೆಸುಗೆ ಹಾಕುವವರಿಗೆ ಬೇರೆ ದಾರಿ ಇಲ್ಲ. ಫ್ಯಾನ್ ತಿರುಗುತ್ತಿದ್ದರೆ ಗ್ಯಾಸ್ ಟಾರ್ಚಿನ ಉರಿ ಅಲ್ಲಾಡುತ್ತದೆ, ಸಾಸಿವೆಯಷ್ಟು ಇರುವ ಬೆಸುಗೆ ಚೂರು ಎಲ್ಲೋ ಹಾರಿಹೋಗುತ್ತದೆ. ಹಾಗಾಗಿ ನಮ್ಮ ಷೆಡ್ಡಿನಲ್ಲಿ ಬೆಳಗ್ಗೆ ಏಳರಿಂದ ಒಂಬತ್ತರ ಸರದಿಗೆ ಜಗಳವೇ ಆಗುತ್ತದೆ. ನಾವು ಆರು ಜನ. ಮೂರು ಮೇಜು, ಒಂದೇ ಟಾರ್ಚು, ಒಂದೇ ಪಾಲಿಶ್ ಮೋಟರು. ಬಾಡಿಗೆ, ಗ್ಯಾಸು, ಕರೆಂಟು ಎಲ್ಲಾ ಪಾಲು.

ಒಬ್ಬರೇ ಮನೆಯಲ್ಲಿ ಕೂತು ಒಡವೆ ಮಾಡುವುದಕ್ಕೂ ಇಂಥ ಕಡೆ ಮಾಡುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಟಾರ್ಚು ನಿಮ್ಮ ಕೈಗೆ ಬರುವುದು ಗಂಟೆ ಲೆಕ್ಕದಲ್ಲಿ. ಅದರ ಮುಂದೆ ಕೂತು "ಇಲ್ಲೊಂದು ಮಣಿ ಇಡಲೇ, ಬೇಡವೇ" ಎಂದು ಯೋಚಿಸುತ್ತಿದ್ದರೆ ಹಿಂದೆ ನಿಂತವರು ಗಡಿಯಾರ ನೋಡುತ್ತಿರುತ್ತಾರೆ. ಯೋಚನೆಯೆಲ್ಲ ಮನೆಯಲ್ಲೇ ಮುಗಿಯಬೇಕು. ಈ ಲೇಖನವನ್ನೂ ಹಾಗೇ ಬರೆದಿದ್ದೇನೆ: ಒಂದು ಜೊತೆ ಓಲೆಯನ್ನು ಹಿಡಿದು, ಮೊದಲಿನಿಂದ ಕೊನೆಯವರೆಗೆ.

ಓಲೆಗೆ ನಾನು ಆರಿಸಿಕೊಂಡದ್ದು ಒಡೆದ ಹತ್ತಿಕಾಯಿ. ಹತ್ತಿ ಗಿರಣಿಗಳ ಊರಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕಂದು ಬಣ್ಣದ ಒಣ ಸಿಪ್ಪೆ, ಅದರೊಳಗಿನಿಂದ ಉಬ್ಬಿ ಬಂದ ನಾಲ್ಕು ಬಿಳಿ ತೊಳೆ. ಸಿಪ್ಪೆಗೆ ಹಿತ್ತಾಳೆ, ತೊಳೆಗೆ ಬೆಳ್ಳಿ. ಬಣ್ಣ ಬಳಿಯದೆಯೇ ಎರಡು ಬಣ್ಣ ಸಿಕ್ಕವು.

ಜಾಗ ಸೇರುವ ಮೊದಲು

ಹಂಚಿಕೊಂಡ ಜಾಗಕ್ಕೆ ದುಡ್ಡು ಕಟ್ಟುವ ಮೊದಲು ಒಂದು ಸಲ ಹೋಗಿ ಸುಮ್ನೆ ನಿಂತು ನೋಡಿ. ಮೇಜು, ಉಪಕರಣ ಆಮೇಲೆ. ಮೊದಲು ಸಿಲಿಂಡರ್ ಎಲ್ಲಿದೆ ನೋಡಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡುತ್ತದೆ. ಎತ್ತರದ ಕಿಟಕಿ ಎಷ್ಟಿದ್ದರೂ ಸಾಲದು. ಬಾಗಿಲ ಕೆಳಗೆ ಅಥವಾ ಗೋಡೆಯ ಬುಡದಲ್ಲಿ ಗಾಳಿ ಹೊರಹೋಗುವ ದಾರಿ ಇರಬೇಕು. ನೆಲಮಾಳಿಗೆಯಾದರೆ ಬೇಡವೇ ಬೇಡ. ಮನೆಯ 14.2 ಕಿಲೋ ಸಿಲಿಂಡರನ್ನು ಇಂಥ ಕೆಲಸಕ್ಕೆ ಬಳಸುವಂತಿಲ್ಲ. ವ್ಯಾಪಾರಿ ಬಳಕೆಯ ಸಿಲಿಂಡರೇ ಇರಬೇಕು, ಅದರಲ್ಲಿ 5 ಕಿಲೋದ್ದೂ ಸಿಗುತ್ತದೆ. ಕೊಳವೆಯ ಕೂಡಿಕೆಗಳಿಗೆ ವಾರಕ್ಕೊಮ್ಮೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುವ ಅಭ್ಯಾಸ ಅಲ್ಲಿದೆಯೇ ಕೇಳಿ. ಕೆಲಸ ಮುಗಿದಾಗ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಬೇಕು. ಕೊಳವೆಯಲ್ಲಿ ಉಳಿದದ್ದು ಉರಿದು ಆರಿದ ಮೇಲೆ ಟಾರ್ಚಿನ ತಿರುಪು ಮುಚ್ಚಬೇಕು. ಮರಳು ತುಂಬಿದ ಬಕೆಟ್ಟು, ಬೆಂಕಿ ಆರಿಸುವ ಸಿಲಿಂಡರು ಕೈಗೆಟಕುವಂತೆ ಇರಬೇಕು, ಹಳೇ ಪೇಪರ್ ಕಟ್ಟಿನ ಹಿಂದೆ ಅಲ್ಲ.

ಎರಡನೆಯದು, ಸೀಸ. ರೇಡಿಯೋ, ವೈರು ರಿಪೇರಿಗೆ ಬಳಸುವ ಮೆತ್ತನೆಯ ಬೆಸುಗೆಯಲ್ಲಿ ಸೀಸ ಇರಬಹುದು. ಅದರ ಒಂದು ಕಣ ಬೆಳ್ಳಿಗೆ ಅಂಟಿ, ಆ ಬೆಳ್ಳಿಯನ್ನು ಕೆಂಪಗೆ ಕಾಯಿಸಿದರೆ, ಸೀಸ ಬೆಳ್ಳಿಯನ್ನು ತಿಂದು ಗುಳಿ ಮಾಡುತ್ತದೆ. ತಪ್ಪು ಒಬ್ಬರದ್ದು, ಗುಳಿ ಇನ್ನೊಬ್ಬರ ಒಡವೆಯಲ್ಲಿ. ನಮ್ಮಲ್ಲಿ ಸೀಸದ ಬೆಸುಗೆಗೆ ಬಾಗಿಲಲ್ಲೇ ತಡೆ.

ಮೂರನೆಯದು ಪುಡಿಯ ಲೆಕ್ಕ. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡುವುದಿಲ್ಲ ಎಂಬ ಗಾದೆ ಕೇಳಿದ್ದೀರಲ್ಲ? ಆ ಗಾದೆ ಕಟ್ಟಿದವರು ಒಂದು ದಿನ ಅರ ಹಿಡಿದು ಕೂತಿದ್ದರೆ ಹಾಗೆ ಹೇಳುತ್ತಿರಲಿಲ್ಲ ಅನ್ನಿಸುತ್ತದೆ. 20 ಗ್ರಾಂ ಬೆಳ್ಳಿ ತೆಗೆದುಕೊಂಡು ಕೂತರೆ ಗರಗಸದ ಪುಡಿ, ಅರದ ಪುಡಿ, ಪಾಲಿಶ್ ಧೂಳು ಅಂತ ಯಾರೂ ಕದಿಯದೆಯೇ ತೂಕ ಇಳಿಯುತ್ತದೆ. ಅದಕ್ಕೇ ಅಕ್ಕಸಾಲಿಗರ ಕೋಣೆಯ ಕಸ ಗುಡಿಸಿ, ತೊಳೆದು, ಲೋಹ ತೆಗೆಯುವವರ ಕಸುಬೇ ಒಂದಿದೆ. ನಮ್ಮಲ್ಲಿ ಬೆಳ್ಳಿಗೆ ಒಂದು ತಟ್ಟೆ, ಹಿತ್ತಾಳೆ ತಾಮ್ರಕ್ಕೆ ಇನ್ನೊಂದು. ಅರಗಳೂ ಬೇರೆ ಬೇರೆ. ಕೂರುವಾಗ ಒಂದು ತೂಕ, ಏಳುವಾಗ ಒಂದು ತೂಕ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಸ್ನೇಹ ಉಳಿಯಬೇಕಾದರೆ ಈ ನೋಟ್‌ಬುಕ್ ಬೇಕು.

ಮನೆಯಲ್ಲೇ ಮುಗಿಸುವ ಕೆಲಸ

ಚಿತ್ರ ಬರೆಯುವುದಕ್ಕೆ ಮುಂಚೆ ತೂಕ ಬರೆಯಿರಿ. ನಾನು ಮೊದಲ ಜೊತೆ ಮಾಡಿದಾಗ ಇದು ಗೊತ್ತಿರಲಿಲ್ಲ. ದೊಡ್ಡ ಅಳತೆ, 18 ಗೇಜಿನ, ಅಂದರೆ ಸುಮಾರು 1 ಮಿಲಿಮೀಟರ್ ದಪ್ಪದ ತಗಡು. ಒಂದೊಂದು ಓಲೆ 10 ಗ್ರಾಂ ಮೇಲೆ ಬಂತು. ನೋಡಲು ಚೆನ್ನಾಗಿತ್ತು. ನನ್ನ ಅತ್ತಿಗೆ ಅದನ್ನು ಮದುವೆಗೆ ಹಾಕಿಕೊಂಡು ಹೋದರು, ಊಟದ ಪಂಕ್ತಿ ಏಳುವಷ್ಟರಲ್ಲಿ ಬಿಚ್ಚಿ ಪರ್ಸಿಗೆ ಹಾಕಿದ್ದರು.

ಲೆಕ್ಕ ಕಷ್ಟದ್ದೇನಲ್ಲ. ಚದರ ಸೆಂಟಿಮೀಟರಿನಲ್ಲಿ ವಿಸ್ತೀರ್ಣ, ಅದನ್ನು ಸೆಂಟಿಮೀಟರಿನಲ್ಲಿ ದಪ್ಪದಿಂದ ಗುಣಿಸಿ, ಬಂದದ್ದನ್ನು ಬೆಳ್ಳಿಗಾದರೆ 10.4ರಿಂದ, ಹಿತ್ತಾಳೆಗಾದರೆ 8.5ರಿಂದ ಗುಣಿಸಿ. ಗ್ರಾಂ ಸಿಗುತ್ತದೆ. ಈಗ ನಾನು ಮಾಡುವ ಓಲೆಯಲ್ಲಿ ಹಿತ್ತಾಳೆ ಸಿಪ್ಪೆ ಸುಮಾರು 2.5 ಚದರ ಸೆಂಟಿಮೀಟರು, 22 ಗೇಜು, ಅಂದರೆ 0.64 ಮಿಲಿಮೀಟರ್ ದಪ್ಪ. ಅದು 1.4 ಗ್ರಾಂ ಆಸುಪಾಸು. ಬೆಳ್ಳಿಯ ನಾಲ್ಕು ಬಿಲ್ಲೆ, ಒಂದೊಂದು 9 ಮಿಲಿಮೀಟರ್ ಅಡ್ಡಳತೆ, 24 ಗೇಜು, ಅಂದರೆ 0.51 ಮಿಲಿಮೀಟರ್. ನಾಲ್ಕೂ ಸೇರಿ ಅಷ್ಟೇ ತೂಕ. ಕಿವಿ ತೂತಿಗೆ ಹೋಗುವ ಹಿಂದಿನ ಕಡ್ಡಿ, ಬೆಸುಗೆ ಸೇರಿಸಿ ಒಂದು ಓಲೆ 3 ಗ್ರಾಂ. ದಿನವಿಡೀ ಹಾಕಿಕೊಳ್ಳುವ ಓಲೆ 5 ಗ್ರಾಂ ದಾಟಬಾರದು ಎನ್ನುವುದು ನನ್ನ ಲೆಕ್ಕ.

ಆಮೇಲೆ ಚಿತ್ರ. ನಿಜವಾದ ಅಳತೆಯಲ್ಲೇ ಬರೆಯಿರಿ, ದೊಡ್ಡದಾಗಿ ಬರೆದು ಚಿಕ್ಕದು ಮಾಡುತ್ತೇನೆ ಅಂದರೆ ಗೆರೆಗಳು ಗರಗಸಕ್ಕೆ ಸಿಗದಷ್ಟು ಇಕ್ಕಟ್ಟಾಗುತ್ತವೆ. ಮದುವೆ ಪತ್ರಿಕೆಯ ರಟ್ಟಿನಲ್ಲಿ ಕತ್ತರಿಸಿ, ದಾರ ಕಟ್ಟಿ ಕಿವಿಗೆ ನೇತುಹಾಕಿ ಕನ್ನಡಿ ನೋಡಿ. ಮನೆಯವರು ನಗುತ್ತಾರೆ, ನಗಲಿ. ಗಲ್ಲಕ್ಕೆ ತಾಗುತ್ತದೆಯೇ, ಮುಂದಕ್ಕೆ ಬಾಗುತ್ತದೆಯೇ, ಫೋನ್ ಹಿಡಿದರೆ ಅಡ್ಡ ಬರುತ್ತದೆಯೇ ಎಲ್ಲವೂ ರಟ್ಟಿನಲ್ಲೇ ಗೊತ್ತಾಗುತ್ತದೆ.

ಒಂದು ಮಾತು ದೊಡ್ಡದಾಗಿ ಬರೆದಿಟ್ಟುಕೊಳ್ಳಿ: ಎಡ, ಬಲ. ನನ್ನ ಹತ್ತಿಕಾಯಿಯ ಸಿಪ್ಪೆ ಒಂದು ಕಡೆಗೆ ವಾಲಿದೆ. ಒಂದೇ ರಟ್ಟನ್ನು ಎರಡು ಸಲ ಇಟ್ಟು ಗೆರೆ ಎಳೆದೆ. ನಮ್ಮ ಷೆಡ್ಡಿಗೆ ಬರುವ ಪತ್ತಾರ ಅಜ್ಜ, ಐವತ್ತು ವರ್ಷ ಚಿನ್ನದ ಕೆಲಸ ಮಾಡಿದವರು, ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. "ಎರಡೂ ಎಡಗಿವಿಗೇ ಮಾಡೀಯಲ್ಲವ್ವಾ. ಇನ್ನ ಎರಡೂ ಕಿವಿ ಒಂದೇ ಕಡೆ ಇರೋರನ್ನ ಹುಡುಕ್ಬೇಕು ನೋಡು" ಎಂದರು. ರಟ್ಟನ್ನು ಮಗುಚಿ ಹಾಕಿ ಎರಡನೇ ಗೆರೆ ಎಳೆಯಿರಿ.

ಲೋಹ

ಮಂಡಿಪೇಟೆ, ಚೌಕಿಪೇಟೆ ಕಡೆ ವಿಚಾರಿಸಿದರೆ ಬೆಳ್ಳಿ ಸಿಗುತ್ತದೆ. ದರ ದಿನಾ ಬದಲಾಗುತ್ತದೆ, ಹಾಗಾಗಿ ಬಿಲ್ ತೆಗೆದುಕೊಂಡು ಇಟ್ಟುಕೊಳ್ಳಿ, ಆಮೇಲೆ ಬೆಲೆ ಕಟ್ಟಲು ಬೇಕು. ತಗಡೇ ಸಿಕ್ಕರೆ ಒಳ್ಳೆಯದು. ಗಟ್ಟಿ ಬೆಳ್ಳಿ ಮಾತ್ರ ಸಿಕ್ಕರೆ 18.5 ಗ್ರಾಂ ಶುದ್ಧ ಬೆಳ್ಳಿಗೆ 1.5 ಗ್ರಾಂ ತಾಮ್ರ ಸೇರಿಸಿ ಕರಗಿಸಿದರೆ 20 ಗ್ರಾಂ 925 ಬೆಳ್ಳಿ ಆಗುತ್ತದೆ. ಶುದ್ಧ ಬೆಳ್ಳಿ ತುಂಬಾ ಮೆತ್ತಗೆ, ಓಲೆಯ ಕಡ್ಡಿ ಬಾಗಿಹೋಗುತ್ತದೆ. ಆದರೆ ಮೂಸೆಯಲ್ಲಿ ಕರಗಿಸಿ ರೋಲರಿನಲ್ಲಿ ತಗಡು ಎಳೆಯುವುದು ಬೇರೆಯೇ ವಿದ್ಯೆ. ಮೊದಲ ಜೊತೆಗೆ ಅದನ್ನು ಅಜ್ಜನಂಥವರಿಗೆ ಮಜೂರಿ ಕೊಟ್ಟು ಮಾಡಿಸಿ.

ಜರ್ಮನ್ ಸಿಲ್ವರ್ ಅಗ್ಗ. ಅದರಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕ್ಕಲ್, ಸತು ಇರುತ್ತವೆ. ಪೆಂಡೆಂಟಿಗೆ ನಡೆದೀತು. ಕಿವಿ ತೂತಿನೊಳಗೆ ಹೋಗುವ ಕಡ್ಡಿಗೆ ಬೇಡ, ನಿಕ್ಕಲ್ ಕೆಲವರಿಗೆ ತುರಿಕೆ ತರುತ್ತದೆ.

ಬೆಸುಗೆ ಕೊಳ್ಳುವಾಗ ಬಾಯಿಬಿಟ್ಟು ಕೇಳಿ: ಕ್ಯಾಡ್ಮಿಯಂ ಇಲ್ಲದ್ದು. ಕೆಡಿಎಂ ಚಿನ್ನ ಅಂತ ಹಿಂದೆ ಜೋರಾಗಿ ನಡೆಯಿತಲ್ಲ, ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಹೆಸರು. ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಒಂದೇ ಕೋಣೆಯಲ್ಲಿ ಆರು ಜನ ಉಸಿರಾಡುವ ಕಡೆ ಅದು ಒಬ್ಬರ ಆಯ್ಕೆಯ ವಿಷಯ ಅಲ್ಲ.

ಗರಗಸ

ರಟ್ಟಿನ ಗೆರೆಯನ್ನು ತಗಡಿನ ಮೇಲೆ ಉಕ್ಕಿನ ಮೊನೆಯಿಂದ ಗೀಚಿ. ಮಾರ್ಕರ್ ಗೆರೆ ಕೈಬೆವರಿಗೆ ಅಳಿಸಿಹೋಗುತ್ತದೆ. ಬ್ಲೇಡಿನ ಹಲ್ಲು ಹಿಡಿಕೆಯ ಕಡೆಗೆ, ಕೆಳಮುಖವಾಗಿ ಇರಬೇಕು. ಕತ್ತರಿಸುವುದು ಕೆಳಗೆ ಎಳೆಯುವಾಗ ಮಾತ್ರ. ಇಷ್ಟು ತೆಳು ತಗಡಿಗೆ 3/0 ಅಥವಾ 4/0 ನಂಬರಿನ ಸಣ್ಣ ಬ್ಲೇಡು ಸಾಕು. ಬೆರಳಿಂದ ಮೀಟಿದರೆ ಟಿಣ್ ಅನ್ನಬೇಕು, ಡಬ್ ಅಂದರೆ ಬಿಗಿ ಸಾಲದು. ಸ್ವಲ್ಪ ಜೇನುಮೇಣ ಸವರಿ. ತಿರುವಿನಲ್ಲಿ ಗರಗಸ ತಿರುಗಿಸಬೇಡಿ. ಗರಗಸ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತಿರಲಿ, ಇನ್ನೊಂದು ಕೈಯಿಂದ ತಗಡನ್ನು ತಿರುಗಿಸಿ.

ಮೊದಲ ದಿನ ಒಂದು ಡಜನ್ ಬ್ಲೇಡು ಮುರಿಯುತ್ತವೆ. ಅದು ಫೀಸು ಅಂದುಕೊಳ್ಳಿ. ಗೆರೆಯ ಮೇಲಲ್ಲ, ಕೂದಲೆಳೆಯಷ್ಟು ಹೊರಗೆ ಕತ್ತರಿಸಿ, ಉಳಿದದ್ದನ್ನು ಅರ ನೋಡಿಕೊಳ್ಳುತ್ತದೆ.

ತೊಳೆಗೆ ಉಬ್ಬು

ಬೆಳ್ಳಿ ಬಿಲ್ಲೆಗಳನ್ನು ಮೊದಲು ಕಾಯಿಸಿ ಮೆತ್ತಗೆ ಮಾಡಬೇಕು. ಎಷ್ಟು ಕಾಯಬೇಕು ಅಂತ ಹೊಸಬರಿಗೆ ತಿಳಿಯುವುದಿಲ್ಲ, ಕರಗಿಸಿಯೇಬಿಡುತ್ತಾರೆ. ಒಂದು ಉಪಾಯ ಇದೆ. ಬಿಲ್ಲೆಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಕಾಯಿಸುತ್ತಾ ಹೋದಂತೆ ಆ ಗೆರೆ ಮಾಯವಾಗುತ್ತದೆ. ಅಲ್ಲಿಗೆ ಉರಿ ತೆಗೆಯಿರಿ. ದೀಪ ಮಂದ ಇದ್ದರೆ ಲೋಹ ಮಂಕುಗೆಂಪಾಗಿ ಹೊಳೆಯುವುದೂ ಕಾಣುತ್ತದೆ. ನಮ್ಮ ಟಾರ್ಚಿನ ಮೂಲೆಗೆ ಕಿಟಕಿ ಬಿಸಿಲು ಬೀಳದ ಹಾಗೆ ಹಳೇ ಗೋಣಿಚೀಲ ಕಟ್ಟಿದ್ದೇವೆ, ಉರಿಯಿಂದ ಎರಡು ಮಾರು ದೂರದಲ್ಲಿ.

ಕಾಯಿಸಿ, ನೀರಿಗೆ ಹಾಕಿ, ಒರೆಸಿ. ಗುಳಿಗಳಿರುವ ಅಚ್ಚಿನಲ್ಲಿ ಮೊದಲು ಅಗಲ ಗುಳಿ, ಆಮೇಲೆ ಅದಕ್ಕಿಂತ ಸಣ್ಣದು, ಹೀಗೆ ಬಿಲ್ಲೆಯನ್ನು ಗುಂಡುತಲೆಯ ಗೂಟದಿಂದ ಬಡಿದು ಉಬ್ಬಿಸಿ. ಒಂದೇ ಏಟಿಗೆ ಆಳದ ಗುಳಿಗೆ ಇಳಿಸಿದರೆ ಅಂಚು ಸುಕ್ಕುಗಟ್ಟುತ್ತದೆ. ಉಬ್ಬಿದ ಮೇಲೆ ಅಂಚನ್ನು ಎಮರಿ ಪೇಪರ್ ಮೇಲೆ ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡಿ. ಸಿಪ್ಪೆಯ ಮೇಲೆ ಇಟ್ಟು ಬೆಳಕಿಗೆ ಹಿಡಿಯಿರಿ. ಅಡಿಯಲ್ಲಿ ಬೆಳಕು ಕಂಡರೆ ಇನ್ನೂ ಉಜ್ಜಬೇಕು. ಬೆಸುಗೆ ಸಂದು ತುಂಬುವ ಗಾರೆಯಲ್ಲ, ತಾಗಿದ ಕಡೆ ಮಾತ್ರ ಹರಿಯುತ್ತದೆ.

ಈಗ ಮರೆಯಬಾರದ ಒಂದು ಕೆಲಸ. ಉಬ್ಬು ಬಿಲ್ಲೆಯನ್ನು ಚಪ್ಪಟೆ ತಗಡಿಗೆ ಬೆಸೆದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಕಾಯಿಸಿದರೆ ಆ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ತಾನೇ ದಾರಿ ಮಾಡಿಕೊಳ್ಳುತ್ತದೆ. ನನ್ನ ಎರಡನೇ ಪ್ರಯತ್ನದಲ್ಲಿ ಒಂದು ತೊಳೆ ಪಟ್ ಅಂತ ಎಗರಿ ಗೋಡೆಗೆ ಬಡಿಯಿತು. ಕನ್ನಡಕ ಹಾಕಿದ್ದೆ, ಬದುಕಿದೆ. ಒಳಗೆ ನೀರಿನ ಪಸೆ ಉಳಿದಿದ್ದರೆ ಇನ್ನೂ ಜೋರು. ಹಾಗಾಗಿ ಪ್ರತಿ ತೊಳೆ ಕೂರುವ ಜಾಗದ ನಡುವೆ, ಹಿತ್ತಾಳೆ ಸಿಪ್ಪೆಯಲ್ಲಿ, 1 ಮಿಲಿಮೀಟರಿನ ತೂತು ಕೊರೆಯಿರಿ. ನಾಲ್ಕು ತೊಳೆ, ನಾಲ್ಕು ತೂತು. ಹಿಂಬದಿಯಲ್ಲಿ ಇರುತ್ತವೆ, ಯಾರಿಗೂ ಕಾಣುವುದಿಲ್ಲ.

ಬೆಂಕಿಯ ಎರಡು ಗಂಟೆ

ಸರದಿಗೆ ಬರುವಾಗ ಎಲ್ಲವೂ ತಯಾರಿರಲಿ: ಬೆಸುಗೆಯನ್ನು ಒಂದೊಂದು ಮಿಲಿಮೀಟರಿನ ಚೂರಾಗಿ ಕತ್ತರಿಸಿ, ಹಾರ್ಡ್, ಮೀಡಿಯಂ, ಈಸಿ ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ, ಹೆಸರು ಬರೆದು. ನೋಡಲು ಮೂರೂ ಒಂದೇ ಥರ. ಬೆರೆತರೆ ಬಿಡಿಸಲು ಆಗುವುದಿಲ್ಲ.

ಹಾರ್ಡ್ ಕರಗಲು ಶಾಖ ಜಾಸ್ತಿ ಬೇಕು, ಈಸಿಗೆ ಕಡಿಮೆ ಸಾಕು. ಮೊದಲ ಬೆಸುಗೆಗೆ ಹೆಚ್ಚು ಶಾಖದ್ದು, ಆಮೇಲಿನದಕ್ಕೆ ಕಡಿಮೆ ಶಾಖದ್ದು ಎನ್ನುವುದು ಲೆಕ್ಕ. ಎರಡನೆಯದು ಕರಗುವಾಗ ಮೊದಲನೆಯದು ಅಲ್ಲಾಡಬಾರದಲ್ಲ. ಈ ಓಲೆಯಲ್ಲಿ ಕಾಯಿಸುವುದು ಎರಡೇ ಸಲ: ತೊಳೆಗಳಿಗೆ ಮೀಡಿಯಂ, ಹಿಂದಿನ ಕಡ್ಡಿಗೆ ಈಸಿ. ಬೆಸುಗೆ ಕಡಿಮೆ ಇದ್ದಷ್ಟೂ ವಿನ್ಯಾಸ ಒಳ್ಳೆಯದು ಎಂದು ನಾನು ನಂಬಿದ್ದೇನೆ, ಪಾಲಿನ ಟಾರ್ಚಿನಲ್ಲಂತೂ ಇನ್ನೂ ಹೆಚ್ಚು.

ಬಿಳಿಗಾರವನ್ನು (ಬೋರಾಕ್ಸ್) ನೀರಲ್ಲಿ ತೇಯ್ದು ಹಾಲಿನ ಹದಕ್ಕೆ ತಂದು ಕೂಡುವ ಜಾಗಕ್ಕೆಲ್ಲ ಹಚ್ಚಿ. ತೊಳೆಗಳನ್ನು ಕೂರಿಸಿ, ಪ್ರತಿಯೊಂದರ ಬುಡಕ್ಕೆ ಎರಡು ಮೂರು ಚೂರು ಬೆಸುಗೆ ತಾಗಿಸಿ ಇಡಿ. ಮೊದಲು ದೂರದಿಂದ, ನಿಧಾನ. ಬಿಳಿಗಾರ ಹಪ್ಪಳದ ಹಾಗೆ ಉಬ್ಬುತ್ತದೆ, ಚೂರುಗಳು ಜಾರುತ್ತವೆ, ಚಿಮುಟದಿಂದ ಮತ್ತೆ ಜಾಗಕ್ಕೆ ತನ್ನಿ. ಆಮೇಲೆ ಬಿಳಿಗಾರ ಇಳಿದು ಗಾಜಿನಂತೆ ತಿಳಿಯಾಗುತ್ತದೆ. ಈಗ ಹತ್ತಿರ ಬನ್ನಿ. ಉರಿಯನ್ನು ಬೆಸುಗೆಯ ಮೇಲೆ ಬಿಡಬೇಡಿ, ತೊಳೆಯ ಮೇಲೂ ಬಿಡಬೇಡಿ. ತೆಳು ಬೆಳ್ಳಿ ಮೊದಲು ಕುಸಿಯುತ್ತದೆ. ಹಿತ್ತಾಳೆ ಸಿಪ್ಪೆಯ ಸುತ್ತ ಉರಿ ತಿರುಗಿಸುತ್ತಿರಿ. ಬೆಸುಗೆ ಬಿಸಿ ಇರುವ ಕಡೆಗೆ ಹರಿಯುತ್ತದೆ. ಇಡೀ ತುಂಡು ಸಮ ಕಾದಾಗ ಬುಡದ ಸುತ್ತ ಪಾದರಸದಂಥ ಒಂದು ಮಿಂಚು ಓಡುತ್ತದೆ. ಅಷ್ಟೇ. ಉರಿ ತೆಗೆಯಿರಿ. "ಇನ್ನೊಂದು ಸ್ವಲ್ಪ" ಎನ್ನುವ ಆಸೆಯಲ್ಲೇ ಓಲೆಗಳು ಹೋಗುವುದು.

ಕಡ್ಡಿಗೆ 0.8 ಮಿಲಿಮೀಟರಿನ ಬೆಳ್ಳಿ ತಂತಿ. ಎಲ್ಲಿ ಬೆಸೆಯಬೇಕು ಎನ್ನುವುದೇ ಮುಖ್ಯ. ಓಲೆಯ ನಡುವೆ ಬೆಸೆದರೆ ಮೇಲ್ಭಾಗ ಮುಂದಕ್ಕೆ ವಾಲಿ ನೆಲ ನೋಡುತ್ತದೆ. ತೂಕದ ನಡುವಿಗಿಂತ ಸಾಕಷ್ಟು ಮೇಲೆ ಬೆಸೆಯಿರಿ. ರಟ್ಟಿನ ಓಲೆಯಲ್ಲಿ ಆ ಜಾಗ ಗುರುತು ಮಾಡಿಕೊಂಡಿದ್ದರೆ ಈಗ ಹುಡುಕುವ ಕೆಲಸ ಇಲ್ಲ. ತಂತಿಯನ್ನು ಚಿಮುಟದಲ್ಲಿ ನೆಟ್ಟಗೆ ಹಿಡಿದು, ಸಿಪ್ಪೆ ಕಾದು ಈಸಿ ಬೆಸುಗೆ ಕರಗಿದಾಗ ಇಳಿಸಿ, ಉರಿ ತೆಗೆದು ಐದು ಎಣಿಸುವವರೆಗೆ ಕೈ ಅಲ್ಲಾಡಿಸಬೇಡಿ. ಉಸಿರು ಬಿಗಿ ಹಿಡಿಯುವವರೇ ಜಾಸ್ತಿ.

ಕಲ್ಲು ಕೂರಿಸುವ ಆಸೆ ಇದ್ದರೆ ಅದು ಎಲ್ಲಾ ಬೆಂಕಿ ಕೆಲಸ ಮುಗಿದ ಮೇಲೆ. ಮುತ್ತು, ಹವಳಕ್ಕೆ ಉರಿಯೂ ಆಗದು, ಆಮೇಲೆ ಕಪ್ಪು ತೆಗೆಯುವ ಹುಳಿಯೂ ಆಗದು.

ಹುಳಿ, ಸೋಡಾ, ಹುಣಸೆಹಣ್ಣು

ಬೆಸುಗೆ ಹಾಕಿದ ತುಂಡು ಕರ್ರಗೆ ಇರುತ್ತದೆ. ಆ ಕಪ್ಪು ತೆಗೆಯಲು ಪತ್ತಾರರು ನೀರು ಬೆರೆಸಿದ ಗಂಧಕಾಮ್ಲ ಬಳಸುತ್ತಾರೆ. ಹಂಚಿಕೊಂಡ ಕೋಣೆಯಲ್ಲಿ ನಮಗೆ ಅದು ಬೇಡ ಅನ್ನಿಸಿತು. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. ಅರ್ಧ ಲೀಟರ್ ಬಿಸಿ ನೀರಿಗೆ ನಾಲ್ಕೈದು ಚಮಚ, ಗಾಜಿನ ಅಥವಾ ಪಿಂಗಾಣಿ ಪಾತ್ರೆಯಲ್ಲಿ. ಹತ್ತು ಹದಿನೈದು ನಿಮಿಷ. ತೆಗೆಯಲು ತಾಮ್ರದ ಅಥವಾ ಪ್ಲಾಸ್ಟಿಕ್ಕಿನ ಚಿಮುಟವೇ ಬೇಕು. ಕಬ್ಬಿಣ ಮುಳುಗಿಸಿದರೆ ಆ ನೀರಲ್ಲಿರುವ ತಾಮ್ರವೆಲ್ಲ ಬಂದು ನಿಮ್ಮ ಬೆಳ್ಳಿಯ ಮೇಲೆ ಗುಲಾಬಿ ಬಣ್ಣವಾಗಿ ಕೂರುತ್ತದೆ, ಪಕ್ಕದವರ ಬೆಳ್ಳಿಯ ಮೇಲೂ.

ತೂತುಗಳಿಂದ ಈ ಹುಳಿ ತೊಳೆಗಳ ಒಳಗೂ ಹೋಗಿರುತ್ತದೆ. ಸುಮ್ನೆ ತೊಳೆದರೆ ಹೋಗದು. ಅಡುಗೆ ಸೋಡಾ ಹಾಕಿದ ನೀರಲ್ಲಿ ಐದು ನಿಮಿಷ ಕುದಿಸಿ, ಆಮೇಲೆ ಬರೀ ನೀರಲ್ಲಿ ಇನ್ನೊಮ್ಮೆ ಕುದಿಸಿ, ಹಿಂಬದಿ ಕೆಳಗಾಗಿಸಿ ಒಣಗಿಸಿ. ಇಲ್ಲದಿದ್ದರೆ ಒಂದು ವಾರ ಬಿಟ್ಟು ತೂತಿನ ಸುತ್ತ ಹಸಿರು ಕಿಲುಬು ಕಾಣಿಸುತ್ತದೆ.

ಹಿತ್ತಾಳೆ ಹುಳಿಯಿಂದ ಬಂದಾಗ ಕೆಂಪಗೆ ಕಾಣುತ್ತದೆ. ಗಾಬರಿ ಬೇಡ. ಹುಣಸೆಹಣ್ಣು, ಹಿತ್ತಾಳೆ ಬ್ರಷ್ಷು, ಅಂಟುವಾಳದ ನೊರೆ ಹಾಕಿ ಉಜ್ಜಿದರೆ ಹಳದಿ ತಿರುಗಿ ಬರುತ್ತದೆ. ದೇವರ ಪಾತ್ರೆ ಬೆಳಗಿದವರಿಗೆ ಇದನ್ನು ನಾನೇನು ಹೇಳುವುದು.

ಕೊನೆಯ ಕೈ

ಅರ, ಆಮೇಲೆ 400, 600, 1000 ನಂಬರಿನ ಎಮರಿ ಪೇಪರು. ಒಂದು ಗೀರು 400ರಲ್ಲಿ ಹೋಗದಿದ್ದರೆ ಮೋಟರಿನಲ್ಲೂ ಹೋಗುವುದಿಲ್ಲ, ಹೊಳೆಯುವ ಗೀರಾಗುತ್ತದೆ ಅಷ್ಟೇ. ಪಾಲಿಶ್ ಮೋಟರಿನ ಹತ್ತಿರ ವೇಲು, ಸೆರಗು, ಬಿಚ್ಚಿದ ಕೂದಲು, ಬಟ್ಟೆಯ ಕೈಗವಸು ಯಾವುದೂ ಬೇಡ. ಸರವನ್ನು ಬೆರಳಿಗೆ ಸುತ್ತಿ ಮೋಟರಿಗೆ ಹಿಡಿಯುವುದನ್ನು ಕಂಡರೆ ನಮ್ಮಲ್ಲಿ ಸ್ವಿಚ್ಚೇ ಆರಿಸುತ್ತಾರೆ. ಧೂಳಿಗೆ ಎನ್-95 ಮಾಸ್ಕು.

ತೊಳೆಗಳ ಸಂದಿನಲ್ಲಿ ಸ್ವಲ್ಪ ಕಪ್ಪು ಇದ್ದರೆ ಉಬ್ಬು ಎದ್ದು ಕಾಣುತ್ತದೆ. ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕ, ಅದು ಬೇಯಿಸಿದ ಮೊಟ್ಟೆಯಲ್ಲೂ ಇದೆ. ಬಿಸಿ ಮೊಟ್ಟೆ ಒಡೆದು ಓಲೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಂದೆರಡು ಗಂಟೆಯಲ್ಲಿ ಕಪ್ಪಾಗುತ್ತದೆ. ಉಬ್ಬಿನ ಮೇಲಿನ ಕಪ್ಪನ್ನು ಉಜ್ಜಿ ತೆಗೆದು ಸಂದಿನದ್ದನ್ನು ಬಿಡಬೇಕು. ಷೆಡ್ಡಿಗೆ ಮೊಟ್ಟೆ ತರಬಹುದೇ ಎನ್ನುವ ಬಗ್ಗೆ ನಮ್ಮಲ್ಲಿ ಒಂದು ಸಂಜೆ ಪೂರ್ತಿ ಚರ್ಚೆ ನಡೆದು, ಆ ಕೆಲಸ ಮನೆಯಲ್ಲಿ ಎಂದು ತೀರ್ಮಾನವಾಯಿತು.

ಮಾರುವ ಯೋಚನೆ ಇದ್ದರೆ ಲೋಹದ ಬಿಲ್ಲು, ಗ್ಯಾಸಿನ ಪಾಲು, ಮುರಿದ ಬ್ಲೇಡು, ನಿಮ್ಮ ಗಂಟೆಗಳು ಎಲ್ಲವನ್ನೂ ಕೂಡಿ. ಗಂಟೆಗಳನ್ನು ಬಿಡುವವರೇ ಹೆಚ್ಚು. 925 ಎಂದು ನಾವೇ ಗುದ್ದಿಕೊಂಡರೆ ಅದು ಹಾಲ್‌ಮಾರ್ಕ್ ಅಲ್ಲ, ಗಿರಾಕಿಗೆ ಹಾಗೆ ಹೇಳಲೂಬಾರದು. ಇಲ್ಲಿ ಹಿತ್ತಾಳೆಯೂ ಇರುವುದರಿಂದ ಬೆಳ್ಳಿ ಇಷ್ಟು ಗ್ರಾಂ, ಹಿತ್ತಾಳೆ ಇಷ್ಟು ಗ್ರಾಂ ಎಂದು ಚೀಟಿಯಲ್ಲಿ ಬರೆದು ಕೊಡುವುದು ನನ್ನ ರೂಢಿ.

ಯಾರಿಗೆ ಕೊಡುವುದಿದ್ದರೂ ಮೊದಲು ಒಂದು ದಿನ ನೀವೇ ಹಾಕಿಕೊಳ್ಳಿ. ಬಸ್ಸು ಹತ್ತಿ, ಅಂಗಿ ತಲೆ ಮೇಲಿಂದ ಬಿಚ್ಚಿ, ಮಂಡಕ್ಕಿ ಮಿರ್ಚಿ ತಿನ್ನಲು ಹೋಗಿ ಬನ್ನಿ. ಸಂಜೆ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸಿಪ್ಪೆಯ ಯಾವುದೋ ಮೂಲೆಗೆ ದಾರದ ಎಳೆ ಸಿಕ್ಕಿಕೊಂಡಿರುತ್ತದೆ. ಎಳೆ ಸಿಕ್ಕ ಜಾಗಕ್ಕೆ ಇನ್ನೆರಡು ಸಲ ಅರ ಆಡಿಸಿ, ಕಡ್ಡಿಯ ತುದಿಯನ್ನು ಗುಂಡಗೆ ಮಾಡಿ. ಆಮೇಲೆ ತೂಕ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ.